ಮ್ಯಾಸಿವ್ ಎಂದರೆ ನಾದಿದ ಹಿಟ್ಟು

ಭಾನುವಾರ, ಮಧ್ಯಾಹ್ನ

ಪುಟ್ಟೀ,

ಚಿಕ್ಕಪ್ಪ ನಿನ್ನನ್ನು ಕರೆತರಲು ಹೊರಟಿದ್ದಾನೆ. ಅವನ ಕೈಯಲ್ಲೇ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ. ಫೋನಿನಲ್ಲಿ ಶುರು ಮಾಡಿದರೆ ಇಬ್ಬರೂ ಅಳುತ್ತೇವೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ.

ಅಪ್ಪ ಬೇಕರಿಯಲ್ಲಿ ಹಿಟ್ಟಿನ ಮೇಜಿನ ಪಕ್ಕ ಕುಸಿದ ದಿನ ಡಾಕ್ಟರು ಮ್ಯಾಸಿವ್ ಸ್ಟ್ರೋಕ್ ಎಂದರು. ಸ್ಟ್ರೋಕ್ ಗೊತ್ತಿತ್ತು, ಇದೇನಿದು ಮ್ಯಾಸಿವ್ ಎಂದು ಫೋನ್ ಮಾಡಿ ನಿನ್ನನ್ನು ಕೇಳಿದೆ. ಭಾರೀ ದೊಡ್ಡದು ಅಂತ ಹೇಳಿ ಸುಮ್ಮನಾಗಬಾರದಿತ್ತೇ? ಇಂಗ್ಲಿಷ್ ಮೇಡಂ ಅಲ್ಲವೇ ನೀನು! ಅದರ ಮೂಲ ಹುಡುಕಿದೆ. ಲ್ಯಾಟಿನ್ನಿನಲ್ಲಿ ಮಾಸಾ ಅಂದರೆ ನಾದಿದ ಹಿಟ್ಟಿನ ಮುದ್ದೆ, ಅದಕ್ಕೂ ಹಿಂದೆ ಗ್ರೀಕರ ಬಾರ್ಲಿ ರೊಟ್ಟಿ, ಮುದ್ದೆಯಿಂದ ರಾಶಿ, ರಾಶಿಯಿಂದ ದೊಡ್ಡದು ಎಂದೆಲ್ಲ ಪಾಠ ಮಾಡಿದೆ. ನನ್ನನ್ನು ನಗಿಸಲೆಂದೇ ಹೇಳಿದ್ದು, ಗೊತ್ತು. ಐಸಿಯು ಬಾಗಿಲಲ್ಲಿ ನಿಂತು ನಕ್ಕೆ ಕೂಡ. ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡರು ಜನ.

ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮೆದುಳು ನಿಂತಿದೆ, ಉಸಿರು ಯಂತ್ರದ್ದು, ತೆಗೆಯೋಣವೇ ಎಂದು ಡಾಕ್ಟರು ಕೇಳಿದಾಗಲೆಲ್ಲ ಇನ್ನೊಂದು ದಿನ ಅಂದೆ. ನಿನಗೂ ಈಗಲೇ ಬರಬೇಡ ಎನ್ನುತ್ತಿದ್ದೆ. ಬಾ ಅಂದರೆ ಮುಗಿಯಿತು ಅಂತ ಒಪ್ಪಿಕೊಂಡ ಹಾಗೆ. ಹಿಟ್ಟು ನಾದಿಯೇ ಬದುಕಿದವಳು ನಾನು. ಬಟ್ಟೆ ಮುಚ್ಚಿ ಬೆಚ್ಚಗಿಟ್ಟರೆ ಮುದ್ದೆ ತಾನಾಗಿ ಉಬ್ಬುತ್ತದೆ, ಅವಸರ ಮಾಡಬಾರದು. ಅಪ್ಪನ ಹೊದಿಕೆ ಸರಿದಾಗಲೆಲ್ಲ ಎಳೆದು ಮುಚ್ಚುತ್ತಿದ್ದೆ. ನಿನ್ನ ಡಿಕ್ಷನರಿಗಿಷ್ಟು ಬೆಂಕಿ ಹಾಕ!

ಇವತ್ತು ಬೆಳಿಗ್ಗೆ ಮೈ ಒರೆಸುವಾಗ ಅವರ ಕೈ ಊದಿಕೊಂಡಿತ್ತು. ಅಭ್ಯಾಸಬಲ, ಬೆರಳಿನಿಂದ ಒತ್ತಿ ನೋಡಿದೆ. ಜೀವವಿರುವ ಹಿಟ್ಟಾದರೆ ಮೆಲ್ಲಗೆ ಮೇಲೆದ್ದು ಬರುತ್ತದೆ. ಈಸ್ಟ್ ಸತ್ತಿದ್ದರೆ ಗುಳಿ ಹಾಗೇ ಇರುತ್ತದೆ. ಇಲ್ಲಿ ಹಾಗೇ ಇತ್ತು. ಅಮ್ಮಾ, ಅದು ಬರೀ ನೀರು, ಅದರಿಂದ ಏನೂ ಗೊತ್ತಾಗಲ್ಲ ಎಂದಳು ನರ್ಸು. ಇರಬಹುದು. ಡಾಕ್ಟರು ಇಷ್ಟು ದಿನ ಹೇಳಿದ್ದು ನನಗೆ ಅರ್ಥವಾದದ್ದು ಮಾತ್ರ ಆಗಲೇ.

ನೀನು ಬಂದ ಮೇಲೆ ಇಬ್ಬರೂ ಸೇರಿ ಡಾಕ್ಟರಿಗೆ ಹೂಂ ಹೇಳೋಣ ಅಂದಿದ್ದೆಯಲ್ಲ. ಆ ಹೂಂ ನಿನ್ನ ಬಾಯಿಂದ ಬರುವುದು ನನಗೆ ಬೇಡ ಮಗಳೇ. ನಿನ್ನ ಮುಂದೆ ಇಡೀ ಬದುಕಿದೆ, ಅಷ್ಟು ದೂರ ಅದನ್ನು ಹೊರಬೇಡ. ನನಗೆ ಉಳಿದಿರುವುದು ಸ್ವಲ್ಪವೇ ದಾರಿ.

ಹೊರಡುವ ಮೊದಲು ಏನಾದರೂ ತಿನ್ನು. ಚಿಕ್ಕಪ್ಪನನ್ನು ಪ್ರಶ್ನೆ ಕೇಳಿ ಪೀಡಿಸಬೇಡ, ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ.

ನಿನ್ನ,
ಅಮ್ಮ

ಬರೆಯಲು ಮರೆತೆ: ಆಸ್ಪತ್ರೆಗೆ ಹೋಗಬೇಡ, ನೇರ ಮನೆಗೇ ಬಾ. ಅಪ್ಪನನ್ನು ಕರೆತಂದಾಯಿತು.