ಕ್ಲಿಪ್ ಎಂಬ ಪದ

ಮಾಗಡಿ
9 ಜುಲೈ 2025

ಪ್ರೀತಿಯ ಅಪ್ಪಾ,

ನಿನ್ನ ಮಂಡಿ ನೋವು ಹೇಗಿದೆ? ಬಸ್ಸಿನಲ್ಲಿ ನಿಂತೇ ಸರ್ವೀಸು ಮುಗಿಸಿದವನಿಗೆ ಈಗ ಮನೆಯಲ್ಲಿ ಕೂರು ಎಂದರೆ ಕಷ್ಟವೇ. ಅಮ್ಮ ಎಣ್ಣೆ ಹಚ್ಚಲು ಬಂದರೆ ಸಿಡುಕಬೇಡ. ಫೋನ್ ಇರುವಾಗ ಕಾಗದ ಯಾಕೆಂದು ಗಾಬರಿಯೂ ಆಗಬೇಡ. ಫೋನಿನಲ್ಲಿ ಮಾತಾಡುವಾಗಲೆಲ್ಲ ನಿನ್ನ ಅಳಿಯ ಪುನೀತ್ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕಿಸುತ್ತಾರೆ. ನಾನು ಅಡುಗೆಯ ಸುದ್ದಿ ಹೇಳಿ ಇಟ್ಟುಬಿಡುತ್ತೇನೆ.

ನಾನೇ ಶಾಲೆಯ ಕೆಲಸ ಬಿಟ್ಟೆ ಎಂದು ಪುನೀತ್ ನಿನಗೆ ಹೇಳಿದರಲ್ಲ, ನಾನು ಬಿಡಲಿಲ್ಲ ಅಪ್ಪಾ. ರಜೆ ಮುಗಿದು ಪಾಠಕ್ಕೆ ಹೋದರೆ ಹೆಡ್‌ಮಿಸ್, "ನಿಮ್ಮ ಯಜಮಾನ್ರೇ ಬಂದು ನೀವು ಬರಲ್ಲ ಅಂದ್ರಲ್ಲ, ಬೇರೆಯವರನ್ನ ತಗೊಂಡ್ವಿ" ಎಂದರು. ಮನೆಗೆ ಬಂದು ಕೇಳಿದೆ. ಪುನೀತ್ ಕೋಪಿಸಿಕೊಳ್ಳಲಿಲ್ಲ, ಅಪ್ಪಿ ಹಿಡಿದರು. "ನೀನು ದಣಿಯೋದ ನನ್ ಕೈಲಿ ನೋಡಕ್ಕಾಗಕ್ಕಿಲ್ಲ ಕಣೆ" ಎಂದರು. ಬೈದಿದ್ದರೆ ತಿರುಗಿ ಮಾತಾಡುತ್ತಿದ್ದೆ. ಆಮೇಲೆ ಸ್ಕೂಟಿ ಮಾರಿದರು, ಟ್ರಾಫಿಕ್ಕು ಜಾಸ್ತಿ ಎಂದು. ಈಗ ಅಂಗಡಿಗೂ ಅತ್ತೆಯ ಜೊತೆಯಲ್ಲೇ ಹೋಗಬೇಕು.

ಮೊನ್ನೆ ನಾದಿನಿ ಅಮೂಲ್ಯಳಿಗೆ ಪರೀಕ್ಷೆಯ ಇಂಗ್ಲಿಷ್ ಹೇಳಿಕೊಡುವಾಗ ಕ್ಲಿಪ್ ಎಂಬ ಪದ ಬಂತು. ಉಗುರು, ಕೂದಲು, ಕುರಿಯ ಉಣ್ಣೆ ಕತ್ತರಿಸುವುದು ಕ್ಲಿಪ್. ಟಿಕೆಟ್ಟಿನ ಅಂಚಿಗೆ ನೀನು ಟಕ್ ಎಂದು ತೂತು ಹಾಕುತ್ತಿದ್ದೆಯಲ್ಲ, ಅದೂ ಅದೇ. ಹಿಂದೆ ಬೆಳ್ಳಿ ನಾಣ್ಯದ ಅಂಚನ್ನು ಚೂರು ಚೂರೇ ಕತ್ತರಿಸಿ ಕದಿಯುತ್ತಿದ್ದರಂತೆ. ನೋಡುವವರಿಗೆ ನಾಣ್ಯ ಮೊದಲಿನಂತೆಯೇ ಕಾಣುತ್ತಿತ್ತು. ಕತ್ತರಿಸುವ ಈ ಪದ ಸಮುದ್ರದಾಚೆಯ ಉತ್ತರದ ನಾಡಿನವರು ಇಂಗ್ಲಿಷಿಗೆ ತಂದದ್ದು. ಕೂದಲಿಗೆ, ಬಟ್ಟೆಗೆ ಹಾಕುವ ಕ್ಲಿಪ್ಪಿನ ಮೂಲವೇ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಅಪ್ಪಿಕೊಳ್ಳುವುದು ಎಂದು ಅರ್ಥ. ಕತ್ತರಿಸುವ ಪದ, ತಬ್ಬುವ ಪದ ಎರಡೂ ಸವೆದು ಸವೆದು ಒಂದೇ ಸದ್ದಾಗಿವೆ.

ಅಮೂಲ್ಯ ಪೆನ್ನು ಕೆಳಗಿಟ್ಟಳು. "ಅತ್ತಿಗೆ, ನಮ್ಮಣ್ಣ ನಿಮಗೆ ಮಾಡ್ತಿರೋದು ಎರಡೂ ಅಲ್ವಾ?" ಎಂದಳು. ಇದುವರೆಗೆ ಯಾರೂ ಗಮನಿಸಿಲ್ಲ ಎಂದುಕೊಂಡಿದ್ದೆ. ಅವಳ ಮುಂದೆಯೇ ಅತ್ತುಬಿಟ್ಟೆ. ಅವಳು ಬಾಗಿಲು ಮುಂದಕ್ಕೆ ಮಾಡಿ, "ನಿಮ್ಮಪ್ಪಂಗೆ ಬರೀರಿ, ಕಾಲೇಜಿಗೆ ಹೋಗ್ತಾ ನಾನ್ ಡಬ್ಬಕ್ಕೆ ಹಾಕ್ತೀನಿ" ಎಂದಳು.

ಅಮ್ಮನಿಗೆ ನಿಧಾನವಾಗಿ ಓದಿ ಹೇಳು. ಇಬ್ಬರ ಕಾಲಿಗೂ ನನ್ನ ನಮಸ್ಕಾರ.

ನಿನ್ನ ಮಗಳು,
ಪ್ರತಿಮಾ

ವಿ.ಸೂ.: ಸೋಮವಾರ ಬೆಳಿಗ್ಗೆ ಹೊರಟು ಚನ್ನಪಟ್ಟಣಕ್ಕೆ ಬರುತ್ತೇನೆ, ಇಲ್ಲಿ ಹೇಳಿಲ್ಲ. ಸಂಜೆಯೊಳಗೆ ಪುನೀತ್ ಅಲ್ಲಿಗೆ ಬರುತ್ತಾರೆ. ತುಂಬಾ ಪ್ರೀತಿಯಿಂದ ಮಾತಾಡುತ್ತಾರೆ, ಅಳಲೂಬಹುದು. ನನ್ನನ್ನು ಕೇಳದೆ ಕಳಿಸ್ತೀನಿ ಅನ್ನಬೇಡ ಅಪ್ಪಾ.