ನೆಗೆಟಿವ್ ಮೇಲೆ ಬರೆದ ಹಲ್ಲು

ಗುರುವಾರ, ಮಧ್ಯಾಹ್ನ

ಮುದ್ದಿನ ಸೊಸೆಗೆ,

ನಿನ್ನ ಅತ್ತೆಯ ಆಶೀರ್ವಾದ. ನೀನು ಮಗುವನ್ನು ಕಟ್ಟಿಕೊಂಡು ತವರಿಗೆ ಹೋಗಿ ನಾಲ್ಕೇ ದಿನವಾಯಿತು, ಮನೆ ಭಣಗುಡುತ್ತಿದೆ. ನಿನ್ನ ಮಾವ ಪೇಪರ್ ಓದುವ ನೆಪದಲ್ಲಿ ಮೊಮ್ಮಗಳ ಗಿಲಕಿ ಹಿಡಿದು ಕೂತಿರುತ್ತಾರೆ. ಫೋನಿರುವಾಗ ಈ ಮುದುಕಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹತ್ತಿತು ಅಂದುಕೊಳ್ಳುತ್ತೀಯೇನೋ. ಫೋನಿನಲ್ಲಿ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ ಕಣೇ. ಊಟ ಆಯ್ತಾ, ಮಗು ಮಲಗ್ತಾ ಅಂತ ಸುತ್ತಿ ಬಳಸಿ ಇಟ್ಟುಬಿಡುತ್ತೇನೆ.

ಸೋಮವಾರ ನೀನು ಬಸ್ ಡಿಪೋಗೆ ಹೋಗಿ ರಾಜೀನಾಮೆ ಕೊಡುತ್ತೀಯಂತೆ, ಮಗ ಹೇಳಿದ. ಕೊಡಬೇಡ. ಮೊದಲು ಇದನ್ನು ಓದು.

ಹಜಾರದ ಗೋಡೆಯ ಮೇಲೆ ನಿನ್ನ ಗಂಡನ ಮೊದಲ ಹುಟ್ಟುಹಬ್ಬದ ಫೋಟೋ ಇದೆಯಲ್ಲ, ಎರಡು ಹಲ್ಲು ಬಿಟ್ಟುಕೊಂಡು ನಗುತ್ತಿರುವುದು. ಆ ಹಲ್ಲು ಅವನದಲ್ಲ. ನಾನು ಬರೆದದ್ದು.

ಆಗ ನಾನು ಫೋಟೋ ಸ್ಟುಡಿಯೋದಲ್ಲಿ ಟಚಿಂಗ್ ಕೆಲಸಕ್ಕಿದ್ದೆ. ಕಿಟಕಿ ಪಕ್ಕ ಒಂದು ಓರೆ ಹಲಗೆ, ಅದರ ಗಾಜಿನ ಮೇಲೆ ನೆಗೆಟಿವ್, ಕೈಯಲ್ಲಿ ಚೂಪು ಮಾಡಿದ ಪೆನ್ಸಿಲ್. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿದ ಕಡೆ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಮದುಮಕ್ಕಳ ಮೊಡವೆ, ಮುದುಕರ ಕಣ್ಣಡಿಯ ಕಪ್ಪು, ಎಲ್ಲ ನನ್ನ ಕೈಯಲ್ಲಿ ಮಂಗಮಾಯ.

ನಿನ್ನ ಗಂಡನಿಗೆ ವರ್ಷ ತುಂಬಿದರೂ ಬಾಯಲ್ಲಿ ಒಂದು ಹಲ್ಲಿಲ್ಲ. ಬೇರೆ ಊರಲ್ಲಿದ್ದ ನನ್ನ ಅತ್ತೆಯಿಂದ ವಾರಕ್ಕೊಂದು ಕಾಗದ. ಮಗೂನ ಬಿಟ್ಟು ಕೆಲಸಕ್ಕೆ ಓಡೋಳು ಹಾಲು ಯಾವಾಗ ಕುಡಿಸ್ತಾಳೆ, ಹಲ್ಲು ಎಲ್ಲಿಂದ ಬರಬೇಕು ಅಂತ ಚುಚ್ಚುತ್ತಿದ್ದರು. ನನಗೂ ರೇಗಿಹೋಯಿತು. ಫೋಟೋ ತೆಗೆಸಿ, ಎರಡು ಹಲ್ಲು ಬರೆದು, ಪ್ರಿಂಟ್ ಹಾಕಿಸಿ ಕಳಿಸಿದೆ. ಅವರ ಬಾಯಿ ಮುಚ್ಚಿತು. ಬಂದಾಗ ಹತ್ತಿರದಿಂದ ನೋಡು, ಸಿಟ್ಟಿನ ಭರದಲ್ಲಿ ಮೇಲಿನ ಎರಡು ಬರೆದಿದ್ದೇನೆ. ಸಾಮಾನ್ಯವಾಗಿ ಮೊದಲು ಮೂಡುವುದು ಕೆಳಗಿನವು. ಅವನಿಗೆ ನಿಜವಾದ ಹಲ್ಲು ಬಂದದ್ದು ಹದಿನಾರು ತಿಂಗಳು ಕಳೆದ ಮೇಲೆ. ನಿನ್ನ ಮಾವನಿಗೂ ಇದು ಗೊತ್ತಿತ್ತು. ಮೂವತ್ತು ವರ್ಷ ಆ ಫೋಟೋ ನೋಡಿ ನೋಡಿ ಅವರೂ ಮರೆತುಬಿಟ್ಟಿದ್ದಾರೆ.

ನಾನು ಮರೆತಿರಲಿಲ್ಲ. ಮೊಮ್ಮಗಳಿಗೆ ಇನ್ನೂ ಹಲ್ಲು ಬಂದಿಲ್ಲವೆಂದು ತೋರಿಸಲು ಹೋದಾಗ ಮಕ್ಕಳ ಡಾಕ್ಟರು, ಮನೇಲಿ ಯಾರಿಗಾದ್ರೂ ಹೀಗೆ ತಡವಾಗಿತ್ತಾ ಅಂತ ಕೇಳಿದಾಗ ನೀನು ನನ್ನ ಮುಖ ನೋಡಿದೆ. ನಾನು ಏನಂದೆ? ನನ್ನ ಮಗನಿಗೆ ವರ್ಷದೊಳಗೇ ಬಂದಿತ್ತು, ಫೋಟೋನೇ ಇದೆ ಅಂದೆ. ಹಳೆಯ ಸುಳ್ಳು ಬಯಲಾಗುತ್ತದೆಂಬ ಭಯ. ನನ್ನ ಅತ್ತೆಯಿಂದ ನಾನು ತಿಂದ ಚುಚ್ಚುಮಾತನ್ನು ಇವಳೂ ಸ್ವಲ್ಪ ತಿನ್ನಲಿ ಎಂಬ ಕೆಟ್ಟ ಬುದ್ಧಿಯೂ ಒಂದು ಚಿಟಿಕೆ ಇತ್ತು. ಥೂ, ಬರೆಯಲು ಕೈ ನಾಚುತ್ತದೆ.

ಹಾಗಾದರೆ ಮಗುವಿನಲ್ಲೇ ಏನೋ ಕೊರತೆ ಇರಬಹುದೆಂದು ಡಾಕ್ಟರು ರಕ್ತ ಪರೀಕ್ಷೆಗೆ ಬರೆದರು. ನರ ಸಿಗದೆ ಎರಡು ಸಲ ಚುಚ್ಚಿದರು. ಮಗು ಕಿರುಚುತ್ತಿದ್ದರೆ ನೀನು ಅದರ ಕೈ ಅದುಮಿ ಹಿಡಿದು, ಅಮ್ಮಂದೇ ತಪ್ಪು ಕಂದಾ, ಅಮ್ಮಂದೇ ತಪ್ಪು ಅನ್ನುತ್ತಿದ್ದೆ. ನಾನು ಪಕ್ಕದಲ್ಲೇ ನಿನ್ನ ಬ್ಯಾಗು ಹಿಡಿದು ನಿಂತಿದ್ದೆ.

ಮನೆಗೆ ಬಂದು ಅಡುಗೆಮನೆಯಲ್ಲಿ ಕೇಳಿದೆಯಲ್ಲ, ನಾನು ಬೇಗ ಡ್ಯೂಟಿಗೆ ಹೋಗಿದ್ದಕ್ಕೇ ಹೀಗಾಯ್ತಾ ಅತ್ತೆ, ಬಸ್ಸು ಬಿಟ್ಟುಬಿಡ್ಲಾ ಅಂತ. ನಾನು ಬಟಾಣಿ ಸುಲಿಯುತ್ತಾ, ನಿನಗೆ ತೋಚಿದ್ದು ಮಾಡಮ್ಮ ಅಂದೆ.

ಒಂದು ದಿನ ನಿನಗೆ ಗೊತ್ತಾಗದ ಹಾಗೆ ನಿನ್ನ ಬಸ್ಸು ಹತ್ತಿದ್ದೆ. ಮಾರುಕಟ್ಟೆ ಹಿಂದಿನ ಆ ಇಕ್ಕಟ್ಟಿನ ತಿರುವಿನಲ್ಲಿ ಅಷ್ಟುದ್ದದ ಬಸ್ಸನ್ನು ನೀನು ಒಂದೇ ಏಟಿಗೆ ತಿರುಗಿಸಿದೆ. ಪಕ್ಕದ ಸೀಟಿನವಳಿಗೆ, ನನ್ನ ಸೊಸೆ ರೀ ಅಂತ ಹೇಳಿಕೊಂಡು ನಾನು ಬೀಗಿದೆ. ನಿನಗೆ ಮಾತ್ರ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಒಬ್ಬಳೇ ಹೋಗಿ ಡಾಕ್ಟರಿಗೆ ಎಲ್ಲ ಹೇಳಿ ಬಂದೆ. ಆಯಮ್ಮ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ರಕ್ತದಲ್ಲಿ ಯಾವ ಕೊರತೆಯೂ ಇಲ್ಲ, ಅಪ್ಪನ ಹಾಗೇ ಮಗಳು, ಇನ್ನೂ ಹದಿನಾಲ್ಕು ತಿಂಗಳು ತಾನೇ, ಹದಿನೆಂಟರವರೆಗೆ ಕಾಯೋಣ, ಬರೆದುಕೊಟ್ಟಿದ್ದ ಎರಡನೇ ಪರೀಕ್ಷೆ ಸದ್ಯಕ್ಕೆ ಬೇಡ ಅಂದರು. ನಿನ್ನ ಹಾಲಿಗೂ ನಿನ್ನ ಬಸ್ಸಿಗೂ ಇದಕ್ಕೂ ಸಂಬಂಧವೇ ಇಲ್ಲವಂತೆ. ನಿನ್ನಿಂದ ಏನೂ ತಪ್ಪಾಗಿಲ್ಲ ಮಗಳೇ. ಮಗುವಿಗೆ ಬೊಚ್ಚಿ ಅಂತ ಅಡ್ಡಹೆಸರಿಟ್ಟವಳೂ ನಾನೇ. ಇನ್ನು ಹಾಗೆ ಕರೆಯುವುದಿಲ್ಲ.

ಸೋಮವಾರ ಡ್ಯೂಟಿಗೆ ಹೋಗು. ನನ್ನ ಹತ್ತಿರ ಮಗುವನ್ನು ಬಿಡಲು ಮನಸ್ಸಾಗದಿದ್ದರೆ ನಿನ್ನ ಅಮ್ಮನನ್ನು ಕರೆದುಕೊಂಡು ಬಾ. ನಾನು ತುಟಿ ಪಿಟಕ್ಕೆನ್ನುವುದಿಲ್ಲ.

ಇಂತಿ,
ಮುಖ ತೋರಿಸಲು ನಾಚುತ್ತಿರುವ
ನಿನ್ನ ಅತ್ತೆ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಹಲ್ಲಿನ ಈ ಸುಳ್ಳನ್ನು ಒಂದು ಕಾಗದದಲ್ಲಿ ನಾನು ಮೊದಲು ಬರೆದದ್ದು ರಕ್ತ ಪರೀಕ್ಷೆಯ ಹಿಂದಿನ ದಿನವೇ. ನಿನ್ನ ದಿಂಬಿನ ಕೆಳಗೆ ಇಟ್ಟಿದ್ದೆ. ನೀನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ನಾನೇ ಹೋಗಿ ತೆಗೆದುಕೊಂಡುಬಿಟ್ಟೆ. ಕ್ಷಮಿಸುವುದಿದ್ದರೆ ಇದನ್ನೂ ತಿಳಿದುಕೊಂಡೇ ಕ್ಷಮಿಸು.