ಒಂಬತ್ತು ನಿಮಿಷದ ಶಾಟ್

ಲೇ ಶಿವಮೂರ್ತಿ,

ಗೆದ್ಬುಟ್ವಿ ಕಣ್ಲಾ! ನಮ್ಮಿಬ್ಬರ ನೆಚ್ಚಿನ ನಿರ್ದೇಶಕಿಯ, ಯಾವ ಥಿಯೇಟರಿಗೂ ಬಾರದ ಆ ಸಿನಿಮಾವನ್ನು ನಿನ್ನೆ ತಿಪಟೂರಿನ ಅದೇ ಕೊಬ್ಬರಿ ಶೆಡ್ಡಿನಲ್ಲಿ ಮತ್ತೆ ತೋರಿಸಿದೆ. ಕಾಯಿ ಸುಲಿಯುವವರೆಲ್ಲ ಕೆಲಸ ಮುಗಿಸಿ, ಚೀಲ ಹಾಸಿಕೊಂಡು ಕೂತರು. ಮುದುಕಿ ಬಾಗಿಲಲ್ಲಿ ಮಗಳಿಗಾಗಿ ಸುಮ್ಮನೆ ಕಾಯುವ ಒಂಬತ್ತು ನಿಮಿಷದ ಶಾಟ್ ಬಂತು. ಆರನೇ ನಿಮಿಷಕ್ಕೆ ಯಾರೋ ಕೆಮ್ಮಿದರು. ನನ್ನ ಕೈ ತಾನಾಗಿ ರಿಮೋಟಿಗೆ ಹೋಯಿತು.

ಪಕ್ಕದಲ್ಲಿ ಕೂತಿದ್ದ, ಕಾಯಿ ಸುಲಿಯುವ ಭೂತಮ್ಮ ನನ್ನ ಮಣಿಕಟ್ಟು ಹಿಡಿದರು. “ಮುಂದಕ್ಕೆ ಓಡಿಸ್ಬ್ಯಾಡ ಕಣಪ್ಪ. ಅಟ್ಟದ ಮೇಲಿನ ಕಾಯಿ ಕೊಬ್ಬರಿ ಆಗೋಕೆ ವರ್ಷ ಬ್ಯಾಡ್ವಾ? ಅವ್ಳೂ ಕೂತಿರ್ಲಿ, ಬುಡು.”

ಒಬ್ಬರೂ ಎದ್ದು ಹೋಗಲಿಲ್ಲ. ಕೊನೆಗೆ ಮಗಳು ಓಣಿಯ ತಿರುವಿನಲ್ಲಿ ಕಂಡಾಗ ಶೆಡ್ಡಿನ ತುಂಬ ಚಪ್ಪಾಳೆ, ಶಿಳ್ಳೆ! ಪರದೆಯ ಮೇಲೆ ಕೊನೆಯ ಹೆಸರು ಹೋಗುವವರೆಗೂ ಕೂತಿದ್ದು, “ಇಂಥವು ಇನ್ನೂ ಇದ್ರೆ ಹಾಕಪ್ಪ” ಎಂದರು.

ಮೂರು ವರ್ಷದ ಹಿಂದೆ ಇದೇ ಶಾಟನ್ನು ನೀನು ಮುಂದಕ್ಕೆ ಓಡಿಸಿದಾಗ, ಎಲ್ಲರೆದುರು ನಿನ್ನನ್ನು ಹೇಡಿ ಎಂದಿದ್ದೆ. ಚಪ್ಪಲಿ ಮೆಟ್ಟಿ ಹೋದವನು ನೀನು ಮತ್ತೆ ಬರಲಿಲ್ಲ. ಈಗ ನಿನ್ನ ವಿಳಾಸವೂ ನನ್ನಲ್ಲಿಲ್ಲ.

ನಿನ್ನೆ ನನ್ನ ಪಕ್ಕದಲ್ಲಿ ಭೂತಮ್ಮ ಇದ್ದರು. ಅವತ್ತು ನಿನ್ನ ಪಕ್ಕದಲ್ಲಿ ಇದ್ದದ್ದು ನಾನು.